ಗಂಟಲಿಗೆ ತಂತಿ, ಗಲ್ಲಾಪೆಟ್ಟಿಗೆಗೆ ಹಣ

ಹೃದಯದ ರಕ್ತನಾಳಕ್ಕೆ ತೊಡಿಸುವ ಸ್ಟೆಂಟಿಗೆ ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರವು 2017ರ ಫೆಬ್ರವರಿ 13ರಂದು ಬೆಲೆ ಕಟ್ಟಿತು. ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿಸಿದ್ದಕ್ಕೆ 29,600 ರೂಪಾಯಿ, ತೆರಿಗೆ ಬೇರೆ. ಅದಕ್ಕೆ ಹಿಂದಿನ ದಿನದವರೆಗೂ ಲಕ್ಷ ರೂಪಾಯಿಯ ಮೇಲೆ ಬಿಲ್ಲು ಬರೆಯುತ್ತಿದ್ದ ಸರಕು ಅದು. ಕಾರ್ಖಾನೆಯಿಂದ ಹೊರಟು ರೋಗಿಯ ಎದೆ ಸೇರುವಷ್ಟರಲ್ಲಿ ಅದರ ಮೇಲೆ ಯಾರು ಯಾರು ಎಷ್ಟೆಷ್ಟು ಹೇರುತ್ತಿದ್ದರೆಂಬ ಲೆಕ್ಕವನ್ನು ಪ್ರಾಧಿಕಾರವೇ ಪ್ರಕಟಿಸಿತು. ಆಸ್ಪತ್ರೆಯ ಹಂತವೊಂದರಲ್ಲೇ ಶೇಕಡಾ 654ರವರೆಗೆ ಲಾಭ! ನಮ್ಮ ಬಿಡದಿ ಪೇಟೆಯ ಕಿರಾಣಿ ಅಂಗಡಿಯವನು ಬೆಲ್ಲದ ಮೇಲೆ ರೂಪಾಯಿಗೆ ಐದು ಪೈಸೆ ಹೆಚ್ಚು ತೆಗೆದುಕೊಂಡರೆ ಗಿರಾಕಿಯೇ ಜಗಳಕ್ಕೆ ಬರುತ್ತಾನೆ, ತೂಕದ ಬಟ್ಟು ಸವೆದಿದ್ದರೆ ಇಲಾಖೆಯವನು ದಂಡ ಹಾಕುತ್ತಾನೆ. ಅಲ್ಲಿ ಆರೂವರೆ ಪಟ್ಟು ಹೇರಿದವರಿಗೆ ಯಾವ ಬಟ್ಟು, ಯಾವ ದಂಡ?

ಇರಲಿ, ಹೃದಯದ ಮಟ್ಟಿಗೆ ಮಿತಿಯೊಂದು ಬಂದಿತು, ವರ್ಷವರ್ಷ ಒಂದಿಷ್ಟು ಏರಿಳಿದರೂ ಉಳಿದಿದೆ. ಅದೇ ಮನುಷ್ಯನ ಅದೇ ಎದೆಯೊಳಗೆ, ಹೃದಯಕ್ಕೆ ನಾಲ್ಕು ಬೆರಳು ಮೇಲೆ, ಶ್ವಾಸನಾಳವಿದೆ. ಅದು ಕಿರಿದಾದಾಗ ಅದನ್ನು ಅಗಲಿಸಿ ಹಿಡಿಯಲು ಇಡುವ ಲೋಹದ ಸ್ಟೆಂಟಿಗೆ ಇಂಥ ಗರಿಷ್ಠ ಬೆಲೆಯೇ ಇಲ್ಲ. 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಲಕರಣೆಗಳೆಲ್ಲವನ್ನೂ ಕಾನೂನು ಔಷಧವೆಂದು ಕರೆದಿದೆ. ಅದರಿಂದಾಗಿ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಬೆಲೆ ಏರಿಸಬಾರದೆಂಬ ಕಟ್ಟಳೆಯೊಂದು ಇದಕ್ಕೂ ಅನ್ವಯಿಸುತ್ತದೆ. ಅಟ್ಟದ ಮೇಲೆ ಕುಳಿತವನಿಗೆ ‘ಇನ್ನು ವರ್ಷಕ್ಕೆ ಒಂದೇ ಮೆಟ್ಟಿಲು ಹತ್ತು’ ಎಂದು ಅಪ್ಪಣೆ ಕೊಟ್ಟಂತಾಯಿತು ಇದು. ಅಟ್ಟದಿಂದ ಕೆಳಗಿಳಿ ಎಂದವರು ಯಾರೂ ಇಲ್ಲ.

ಆದರೆ ಇಂದು ನಾವು ಬರೆಯಹೊರಟಿರುವುದು ಇಡುವ ಬೆಲೆಯನ್ನಷ್ಟೇ ಕುರಿತಲ್ಲ. ಕೀಳುವ ಬೆಲೆಯನ್ನು ಕುರಿತು. ಹೃದಯದ ಸ್ಟೆಂಟನ್ನು ಒಮ್ಮೆ ಇಟ್ಟರೆ ಇಟ್ಟಂತೆ; ಅದನ್ನು ಕೀಳುವ ಮಾತು ಸಾಮಾನ್ಯವಾಗಿ ಬರುವುದಿಲ್ಲ. ಶ್ವಾಸನಾಳದ ಸ್ಟೆಂಟು ಹಾಗಲ್ಲ. ಅದನ್ನು ಎಷ್ಟೋ ಸಲ ತೆಗೆಯಬೇಕಾಗುತ್ತದೆ. ತೆಗೆಯುವಾಗ ಪ್ರಾಣಕ್ಕೂ ಅಪಾಯ, ಮನೆಗೂ ಅಪಾಯ. ಇಡುವ ದಿನ ಈ ಮಾತನ್ನು ರೋಗಿಗೆ ಅವನ ಭಾಷೆಯಲ್ಲಿ, ಕೂರಿಸಿಕೊಂಡು ಹೇಳುವವರು ಎಷ್ಟು ಮಂದಿ?

ಈ ಕಾಯಿಲೆ ನಮ್ಮವರದಲ್ಲ, ಪಟ್ಟಣದ ಸಾಹುಕಾರರದು ಎಂದು ಯಾರೂ ಪುಟ ತಿರುವಬೇಡಿ. ಶ್ವಾಸನಾಳ ಕಿರಿದಾಗುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ವೆಂಟಿಲೇಟರಿನ ನಳಿಗೆ. ಬಾಯಿಯಿಂದ ಗಂಟಲಿಗೆ ಇಳಿಸಿದ ಆ ನಳಿಗೆಯ ತುದಿಗೆ ಗಾಳಿ ತುಂಬಿದ ಪುಟ್ಟ ಪುಗ್ಗೆಯೊಂದಿರುತ್ತದೆ. ಗಾಳಿ ಸೋರದಂತೆ ಅದು ನಾಳದ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಾದರೆ, ಅಥವಾ ಹಾಗೆಯೇ ವಾರಗಟ್ಟಲೆ ಕಳೆದರೆ, ಗೋಡೆಗೆ ರಕ್ತ ಹರಿಯದೆ ಅಲ್ಲಿ ಹುಣ್ಣಾಗುತ್ತದೆ. ಹುಣ್ಣು ಮಾಯುವಾಗ ಗಾಯದ ಕಲೆ ಬಿಗಿದು ದಾರಿ ಕಿರಿದಾಗುತ್ತದೆ. ಹೀಗೆ ವೆಂಟಿಲೇಟರಿನ ಮೇಲೆ ಮಲಗುವವರು ಯಾರು? 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ತಲೆ ಒಡೆದುಕೊಂಡವರು. ಸಾಲಕ್ಕೆ ಹೆದರಿ ಕ್ರಿಮಿನಾಶಕ ಕುಡಿದ ರೈತರು. 2020–21ರಲ್ಲಿ ಕೋವಿಡ್ ಬಡಿದವರು. ಇವರ ಜೊತೆಗೆ, ಶ್ವಾಸನಾಳದ ಕವಲುಗಳಿಗೆ ಕ್ಷಯ ತಗುಲಿ, ರೋಗ ವಾಸಿಯಾದ ಮೇಲೆ ಕಲೆ ಉಳಿದವರು. ಕ್ಷಯ ಯಾರ ಗುಡಿಸಲಿನ ರೋಗವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾಗಿ ಕೆಲವು ವಾರ ಕಳೆದ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಉಸಿರೆಳೆದಾಗ ಗಂಟಲಲ್ಲಿ ಪೀಪಿಯಂಥ ಸದ್ದು. ‘ಅಸ್ತಮಾ’ ಎಂದು ಸೇದುವ ಔಷಧ ಬರೆದುಕೊಡುವುದು ವಾಡಿಕೆ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಕೊಟ್ಟಿಗೆಗಳಲ್ಲಿ, ಗೂಡು ಬೇಯುವ ಹಬೆಯಲ್ಲಿ ದುಡಿಯುವವರಿಗೆ ಅಸ್ತಮಾ ಬರುವುದೂ ನಿಜವಾದ್ದರಿಂದ ಯಾರಿಗೂ ಸಂಶಯ ಹುಟ್ಟುವುದಿಲ್ಲ. ವೆಂಟಿಲೇಟರಿನಿಂದ ಇಳಿದು ಬಂದವನಿಗೆ ಔಷಧ ಸೇದಿದರೂ ತಗ್ಗದ ಸದ್ದು ಕಾಣಿಸಿಕೊಂಡರೆ, ‘ಗಂಟಲೊಳಗೆ ಬ್ರಾಂಕೋಸ್ಕೋಪ್ ಬಿಟ್ಟು ನೋಡಿ’ ಎಂದು ಧೈರ್ಯವಾಗಿ ಕೇಳಿ. ಕೇಳುವುದಕ್ಕೆ ದುಡ್ಡಿಲ್ಲ.

ಕಿರಿದಾಗಿದೆ ಎಂದು ಗೊತ್ತಾದ ಮೇಲೆ ಇರುವ ಉಪಾಯಗಳು ಒಂದೆರಡಲ್ಲ. ಉಕ್ಕಿನ ನೇರ ನಳಿಗೆಯಿಂದಲೋ ಪುಗ್ಗೆಯಿಂದಲೋ ಹಿಗ್ಗಿಸಬಹುದು. ಕೆಟ್ಟುಹೋದ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನೂ ಕೂಡಿಸಿ ಹೊಲಿಯುವ ಶಸ್ತ್ರಚಿಕಿತ್ಸೆ ಇದೆ; ತಕ್ಕ ರೋಗಿಗೆ ಶಾಶ್ವತ ಪರಿಹಾರವೆಂದರೆ ಅದೇ. ಅದಾಗದಿದ್ದರೆ ಸಿಲಿಕೋನ್ ಕೊಳವೆ ಇದೆ. ಬಾಸ್ಟನ್ನಿನ ವೈದ್ಯ ಮಾಂಟ್‌ಗೊಮರಿ 1965ರಲ್ಲಿ ಟಿ ಆಕಾರದ ಕೊಳವೆಯನ್ನು ಬಳಕೆಗೆ ತಂದರು. ಮಾರ್ಸೇಲ್ಸಿನ ವೈದ್ಯ ದ್ಯುಮೊನ್ 1990ರಲ್ಲಿ ಪೂರ್ತಿ ಒಳಗೇ ಕೂರುವ ಸಿಲಿಕೋನ್ ಸ್ಟೆಂಟನ್ನು ಲೋಕಕ್ಕೆ ತಿಳಿಸಿದರು. ಇವೂ ಜಾರುತ್ತವೆ, ಕಫ ಕಟ್ಟುತ್ತವೆ, ಸುಳ್ಳಲ್ಲ. ಆದರೆ ಬೇಕಾದಾಗ ಹಿಡಿದು ಎಳೆದು ತೆಗೆಯಬಹುದು. ಇಡುವುದಕ್ಕೆ ಮಾತ್ರ ರೋಗಿಗೆ ಪೂರ್ತಿ ಅರಿವಳಿಕೆ ಬೇಕು, ಉಕ್ಕಿನ ಬ್ರಾಂಕೋಸ್ಕೋಪ್ ಬೇಕು, ಅದನ್ನು ಹಿಡಿಯಲು ಬಲ್ಲ ಕೈ ಬೇಕು.

ಲೋಹದ ಸ್ಟೆಂಟಿಗೆ ಇಷ್ಟೆಲ್ಲ ಬೇಕಿಲ್ಲ. ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ಲೋಹದ ತಂತಿಯ ಬಲೆ ಅದು. ಅದುಮಿ, ಸಣ್ಣ ಕಡ್ಡಿಯಷ್ಟು ಮಾಡಿ, ಬಾಗುವ ಬ್ರಾಂಕೋಸ್ಕೋಪಿನ ನೆರವಿನಿಂದ ಒಳಗೆ ಬಿಟ್ಟರೆ ತಾನೇ ಅರಳಿ ಗೋಡೆಗೆ ಅಂಟಿಕೊಳ್ಳುತ್ತದೆ. ರೋಗಿ ಅಲ್ಲೇ ನಿರಾಳವಾಗಿ ಉಸಿರೆಳೆಯುತ್ತಾನೆ, ಮನೆಯವರು ಕೈ ಮುಗಿಯುತ್ತಾರೆ. ಇಡುವವನಿಗೆ ಸುಲಭ, ಮಾರುವವನಿಗೆ ಸುಲಭ. ಈ ಸೌಲಭ್ಯವೇ ಎಲ್ಲ ಅನರ್ಥಕ್ಕೂ ಮೂಲ.

ಹೊಲದ ಬೇಲಿಯ ತಂತಿಯನ್ನು ಎಳೆಯ ಮರಕ್ಕೆ ಬಿಗಿದು ನಾಲ್ಕು ಮಳೆಗಾಲ ಬಿಟ್ಟು ನೋಡಿ. ಮರ ತಂತಿಯನ್ನು ನುಂಗಿರುತ್ತದೆ. ಎಳೆದರೆ ತೊಗಟೆ ಸಮೇತ ಕಿತ್ತು ಬರುತ್ತದೆ, ಇಲ್ಲವೆ ತಂತಿಯೇ ತುಂಡಾಗಿ ಅರ್ಧ ಒಳಗುಳಿಯುತ್ತದೆ. ಹೊದಿಕೆ ಇಲ್ಲದ ಲೋಹದ ಸ್ಟೆಂಟು ಮಾಡುವುದೂ ಇದನ್ನೇ, ಆದರೆ ಅದಕ್ಕೆ ನಾಲ್ಕು ವರ್ಷ ಬೇಡ, ಕೆಲವೇ ವಾರ ಸಾಕು. ಬಲೆಯ ಕಣ್ಣುಗಳೊಳಗಿಂದ ಅಂಗಾಂಶ ಬೆಳೆದು ತಂತಿಯನ್ನು ಮುಚ್ಚುತ್ತದೆ. ಎರಡು ತುದಿಗಳಲ್ಲಿ ದುರ್ಮಾಂಸ ಬೆಳೆದು, ಮೊದಲು ಒಂದು ಕಡೆ ಕಿರಿದಾಗಿದ್ದ ದಾರಿ ಈಗ ಎರಡು ಕಡೆ ಕಿರಿದಾಗುತ್ತದೆ. ಕಫ ಕಟ್ಟುತ್ತದೆ, ಸೋಂಕು ತಗಲುತ್ತದೆ. ಕೆಮ್ಮಿ ಕೆಮ್ಮಿ ತಂತಿಯೇ ಮುರಿಯುವುದೂ ಉಂಟು. ಕತ್ತರಿಸಿ ಹೊಲಿದಿದ್ದರೆ ವಾಸಿಯಾಗುತ್ತಿದ್ದ ಚಿಕ್ಕ ಗಾಯ, ಸ್ಟೆಂಟಿನ ದೆಸೆಯಿಂದ ಉದ್ದಕ್ಕೂ ಹಬ್ಬಿ, ಶಸ್ತ್ರಕ್ಕೂ ಸಿಗದಂತಾದದ್ದನ್ನು ಬಾಸ್ಟನ್ನಿನ ಶಸ್ತ್ರವೈದ್ಯರು 2003ರಲ್ಲೇ ಬರೆದಿಟ್ಟಿದ್ದಾರೆ.

ಇದನ್ನೆಲ್ಲ ಕಂಡು 2005ರ ಜುಲೈ 29ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವೈದ್ಯರಿಗೆಲ್ಲ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು. ಅದರ ಸಾರ ಇಷ್ಟು: ಕ್ಯಾನ್ಸರ್ ಅಲ್ಲದ ಕಾರಣದಿಂದ ಶ್ವಾಸನಾಳ ಕಿರಿದಾದವರಿಗೆ ಬೇರೆಲ್ಲ ದಾರಿಗಳನ್ನೂ ನೋಡಿದ ಮೇಲೆಯೇ ಲೋಹದ ಸ್ಟೆಂಟಿನ ಯೋಚನೆ, ‘ಸದ್ಯಕ್ಕೆ ಇಡೋಣ, ಆಮೇಲೆ ತೆಗೆದು ಬೇರೆ ಚಿಕಿತ್ಸೆ ಮಾಡೋಣ’ ಎಂಬ ತಾತ್ಕಾಲಿಕ ಉಪಾಯವಾಗಿ ಅದನ್ನು ಬಳಸಕೂಡದು, ಇಡುವವರೂ ತೆಗೆಯುವವರೂ ಆ ಕೆಲಸದಲ್ಲಿ ತರಬೇತಾದವರೇ ಆಗಿರಬೇಕು. ನೆನಪಿಡಿ, ಇದು ಯಾವ ಸಮಾಜವಾದಿ ಸಮ್ಮೇಳನದ ಗೊತ್ತುವಳಿಯೂ ಅಲ್ಲ. ಬಂಡವಾಳಶಾಹಿಯ ರಾಜಧಾನಿಯಲ್ಲಿ ಕುಳಿತ ಸರ್ಕಾರ ಹೇಳಿದ ಮಾತು. ಅದಾಗಿ ಇಪ್ಪತ್ತು ವರ್ಷ ಕಳೆದಿದೆ.

ಕ್ಯಾನ್ಸರಿನ ಗೆಡ್ಡೆ ಉಸಿರನ್ನು ಹಿಸುಕುತ್ತಿರುವವನ ಮಾತು ಬೇರೆ. ಉಳಿದ ತಿಂಗಳುಗಳನ್ನು ಅವನು ಉಸಿರಾಡಿಕೊಂಡು, ಮಕ್ಕಳೊಡನೆ ಮಾತಾಡಿಕೊಂಡು ಕಳೆಯಲು ಲೋಹದ ಸ್ಟೆಂಟು ದೊಡ್ಡ ಉಪಕಾರ. ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಇರುವುದು ಮೂವತ್ತು ವರ್ಷ ಬದುಕಬೇಕಾದ ಕಾರ್ಮಿಕನ ಗಂಟಲೊಳಗೆ, ಕೀಳುವ ಯೋಚನೆಯನ್ನೇ ಮಾಡದೆ ತಂತಿ ಬಿಟ್ಟು ಕಳಿಸುವುದರ ಬಗ್ಗೆ.

ಕೀಳುವುದೆಂದರೇನು? ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಉಕ್ಕಿನ ನಳಿಗೆ ಇಳಿಸಿ, ಮಾಂಸದಲ್ಲಿ ಹುದುಗಿದ ಬಲೆಯ ಅಂಚನ್ನು ಇಕ್ಕಳದಿಂದ ಹಿಡಿದು, ತಿರುಚಿ ತಿರುಚಿ ಗೋಡೆಯಿಂದ ಬಿಡಿಸಬೇಕು. ಕೆಲವೊಮ್ಮೆ ಇಡಿಯಾಗಿ ಬರುತ್ತದೆ, ಕೆಲವೊಮ್ಮೆ ಎಳೆ ಎಳೆಯಾಗಿ ಕೀಳಬೇಕು. ಗೋಡೆ ಹರಿದರೆ ರಕ್ತ ಸುರಿಯುತ್ತದೆ, ಆ ರಕ್ತ ಸುರಿಯುವುದು ಉಸಿರಿನ ದಾರಿಯಲ್ಲೇ. 2005ರಲ್ಲಿ ಅಮೆರಿಕದ ವೈದ್ಯರ ಒಂದು ತಂಡ 25 ಮಂದಿಯಿಂದ 30 ಲೋಹದ ಸ್ಟೆಂಟುಗಳನ್ನು ಕಿತ್ತ ಅನುಭವವನ್ನು ಪ್ರಕಟಿಸಿತು. ದಾರಿ ಮತ್ತೆ ಮುಚ್ಚಿಕೊಂಡು ತಾತ್ಕಾಲಿಕವಾಗಿ ಇನ್ನೊಂದು ಸ್ಟೆಂಟ್ ಇಡಬೇಕಾಗಿ ಬಂದದ್ದು 14 ಸಲ. ತಂತಿಯ ಚೂರುಗಳು ಒಳಗೇ ಉಳಿದದ್ದು 7 ಸಲ. ವೆಂಟಿಲೇಟರ್ ಬೇಕಾದದ್ದು 6 ಸಲ. ಯಾವ ವೆಂಟಿಲೇಟರ್ ಈ ರೋಗವನ್ನು ತಂದಿತೋ ಅದರ ಮೇಲೇ ಮತ್ತೆ ಮಲಗಬೇಕು! ಇದು ಪಳಗಿದ ಕೈಗಳ ಫಲಿತಾಂಶವೆಂಬುದನ್ನು ಮರೆಯಬಾರದು.

ಖರ್ಚಿಗೆ ಬನ್ನಿ. 2010ರಲ್ಲಿ ಅದೇ ದೇಶದಲ್ಲಿ ಪ್ರಕಟವಾದ ಲೆಕ್ಕದಂತೆ ಒಂದು ಸಲ ಕೀಳುವುದಕ್ಕೆ ತಗುಲಿದ ನಡುಮಟ್ಟದ ವೆಚ್ಚ 10,700 ಡಾಲರ್. ಅತಿ ಕಡಿಮೆ 3,700, ಅತಿ ಹೆಚ್ಚು 69,800. ಇದನ್ನು ರೂಪಾಯಿಗೆ ತಿರುಗಿಸಿ ಓದುಗರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಅಲ್ಲಿಯ ಕೂಲಿ ಬೇರೆ, ಇಲ್ಲಿಯದು ಬೇರೆ. ಗಮನಿಸಬೇಕಾದ್ದು ಎರಡು ತುದಿಗಳ ನಡುವಿನ ಅಂತರವನ್ನು. ಸಲೀಸಾಗಿ ಬಂದರೆ ಒಂದು ಪಾಲು, ಕೆಟ್ಟರೆ ಹತ್ತೊಂಬತ್ತು ಪಾಲು. ಹೊದಿಕೆ ಇಲ್ಲದ್ದಾಗಿ, ಬಹುಕಾಲ ಒಳಗಿದ್ದಷ್ಟೂ ಕೆಡುವುದು ಹೆಚ್ಚು. ಅಂದರೆ ಇಡುವ ದಿನ ಯಾವ ಸ್ಟೆಂಟನ್ನು ಆರಿಸಿದರು, ಎಂದು ತೆಗೆಯಬೇಕೆಂದು ಯೋಚಿಸಿದ್ದರೋ ಇಲ್ಲವೋ ಎಂಬುದರ ಮೇಲೆ ಮುಂದಿನ ಖರ್ಚು ನಿಂತಿದೆ. ಆರಿಸಿದವನು ಒಬ್ಬ, ತೆರುವವನು ಇನ್ನೊಬ್ಬ.

ತೆರುವವನ ಲೆಕ್ಕವನ್ನು ನಮ್ಮ ಊರಿನಲ್ಲೇ ಮಾಡೋಣ. ಬಿಡದಿಯ ಕೈಗಾರಿಕಾ ಪ್ರದೇಶದ ಕಾರ್ಮಿಕನ ಸಂಬಳದಿಂದ ಇ.ಎಸ್.ಐ.ಗೆ ಶೇಕಡಾ 0.75 ಹಿಡಿಯುತ್ತಾರೆ, ಮಾಲಿಕ 3.25 ಕೊಡುತ್ತಾನೆ, 2019ರ ಜುಲೈಯಿಂದ ಬಂದ ದರ ಇದು. ಆ ಕಾರ್ಡು ಇರುವವನಿಗೆ ಚಿಕಿತ್ಸೆಯ ಹಕ್ಕಿದೆ, ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಶೇಕಡಾ 70 ಕೂಲಿಯೂ ಇದೆ. ಆದರೆ 2017ರಲ್ಲಿ ಕಟ್ಟಿದ 21,000 ರೂಪಾಯಿ ಸಂಬಳದ ಗೆರೆಯನ್ನು ಓವರ್‌ಟೈಮ್ ಬಿಟ್ಟು ನೂರು ರೂಪಾಯಿ ದಾಟಿದರೂ ಅವನು ಹೊರಗೆ. ಗುತ್ತಿಗೆದಾರನ ಪಟ್ಟಿಯಲ್ಲಿ ಹೆಸರೇ ಸರಿಯಾಗಿ ಬರೆಯದವನು ಮೊದಲೇ ಹೊರಗೆ. ತಟ್ಟೆ ಇಡ್ಲಿ ಹೋಟೆಲಿನ ಮಾಲಿಕನಿಗೆ, ಚನ್ನಪಟ್ಟಣದಲ್ಲಿ ಬೊಂಬೆ ಮಾರುವವನಿಗೆ, ಸೈಕಲ್ ಅಂಗಡಿಯವನಿಗೆ ಇ.ಎಸ್.ಐ. ಎಂಬುದು ಬೇರೆಯವರ ಮನೆಯ ಮದುವೆ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದರು. ರೇಖೆಯ ಮೇಲಿನವರಿಗೆ ಪ್ಯಾಕೇಜು ದರದ ಶೇಕಡಾ 30 ಮಾತ್ರ, ಅದೂ ಒಂದೂವರೆ ಲಕ್ಷ ಮೀರದಂತೆ. ಸಣ್ಣ ವ್ಯಾಪಾರಿ ಇರುವುದು ಎಲ್ಲಿ? ರೇಖೆಗೆ ಒಂದು ಅಂಗುಲ ಮೇಲೆ. ಉಳಿದ ಶೇಕಡಾ 70ಕ್ಕೆ ಅವನ ಬಳಿ ಇರುವುದು ಹೆಂಡತಿಯ ಓಲೆ, ಎತ್ತದೆ ಉಳಿದ ಚೀಟಿ, ಕೈಸಾಲ.

ಆ ಸಾಲದಲ್ಲಿ ಆಸ್ಪತ್ರೆಯ ಬಿಲ್ಲು ಒಂದು ಭಾಗ ಮಾತ್ರ. ಪ್ರತಿ ಸಲ ದುರ್ಮಾಂಸ ಬೆಳೆದಾಗಲೂ ಬೆಂಗಳೂರಿಗೆ ಓಟ. ಒಬ್ಬ ರೋಗಿ, ಜೊತೆಗೊಬ್ಬ. ಇಬ್ಬರ ಕೂಲಿ ಹೋಯಿತು, ಅಂಗಡಿಯ ಬಾಗಿಲು ಮುಚ್ಚಿತು. ಐಸಿಯುವಿನ ಹೊರಗೆ ಎಷ್ಟು ದಿನ ಕಾಯಬೇಕೋ ಅಷ್ಟು ದಿನ ಹೋಟೆಲ್ ಊಟ. ಹಳೆಯದನ್ನು ಕಿತ್ತ ಜಾಗಕ್ಕೆ ಹೊಸ ಸ್ಟೆಂಟು ಬೇಕೆಂದರೆ ಮೊದಲಿನಿಂದ ಶುರು. ಗುಮಾಸ್ತೆ ಬರೆಯುವ ಬಿಲ್ಲಿನಲ್ಲಿ ಇವಾವುವೂ ಇರುವುದಿಲ್ಲ.

ಕಾನೂನು ಏನು ಮಾಡುತ್ತಿದೆ ಎಂದು ಕೇಳುವಿರಿ. ಚಿಕಿತ್ಸೆ ಏನು, ಅದರ ಅಪಾಯವೇನು, ಬೇರೆ ದಾರಿ ಯಾವುದು ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿತು. ನಡೆಯುವುದೇನು? ಇಂಗ್ಲಿಷಿನಲ್ಲಿ ಅಚ್ಚಾದ ನಮೂನೆ, ‘ಇಲ್ಲಿ ರುಜು ಹಾಕಿ’ ಎಂದು ತೋರಿಸುವ ಬೆರಳು. ಗಂಡನ ಉಸಿರು ಕಟ್ಟುತ್ತಿರುವಾಗ ಯಾವ ಹೆಂಗಸು ತಾನೇ ‘ಓದಿ ಹೇಳಿ’ ಎಂದಾಳು? ನಮ್ಮದೇ ರಾಜ್ಯದಲ್ಲಿ 2017ರಲ್ಲಿ ಆರೋಗ್ಯ ಮಂತ್ರಿ ಕೆ. ಆರ್. ರಮೇಶ್ ಕುಮಾರರು ಖಾಸಗಿ ಆಸ್ಪತ್ರೆಗಳ ದರಕ್ಕೆ ಮೂಗುದಾರ ಹಾಕುವ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ಬಾಗಿಲು ಮುಚ್ಚಿ ಮುಷ್ಕರ ಹೂಡಿದರು. ಕೂಲಿಗಾಗಿ ಕಾರ್ಮಿಕ ಮುಷ್ಕರ ಹೂಡಿದರೆ ದೇಶದ್ರೋಹ ಎನ್ನುವ ಮಂದಿ ಅಂದು ಇದನ್ನು ಗೌರವದ ಪ್ರಶ್ನೆ ಎಂದರು! ಮಸೂದೆ ಸಾಕಷ್ಟು ತೆಳುವಾದ ಮೇಲೆಯೇ ಬೆಳಗಾವಿ ಅಧಿವೇಶನದಲ್ಲಿ ಪಾಸಾಯಿತು. ಆದರೂ ಅದರಲ್ಲಿ ಉಳಿದದ್ದನ್ನು ಕೈಬಿಡಬಾರದು. ದರಪಟ್ಟಿ ಕಾಣುವಂತೆ ಹಾಕಬೇಕು, ಖರ್ಚಿನ ಅಂದಾಜು ಮುಂಚೆ ಕೊಡಬೇಕು. ಕೊಡದಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಆ ಅಂದಾಜಿನಲ್ಲಿ ಇಡುವ ಖರ್ಚಿನ ಜೊತೆಗೆ ಕೀಳುವ ಖರ್ಚನ್ನೂ ಬರೆಯಿಸಿಕೊಳ್ಳಿ.

ಬೆಲೆ ಕಟ್ಟಿದರೆ ಮಾಲೇ ಸಿಗದಂತಾಗುತ್ತದೆ ಎಂಬ ಹಳೆಯ ಗುಮ್ಮನನ್ನು ಈಗಲೂ ಮುಂದೆ ಬಿಡುತ್ತಾರೆ. 2017ರಲ್ಲೂ ಬಿಟ್ಟರು. ಕೆಲವು ವಿದೇಶಿ ಕಂಪನಿಗಳು ತಮ್ಮ ದುಬಾರಿ ಸ್ಟೆಂಟುಗಳನ್ನು ಹಿಂತೆಗೆದುಕೊಳ್ಳಲು ಅನುಮತಿ ಕೇಳಿದವು. ಸರಬರಾಜು ನಿಲ್ಲಿಸಕೂಡದೆಂದು ಸರ್ಕಾರ ಆಜ್ಞೆ ಮಾಡಿತು. ದೇಶದಲ್ಲಿ ಹೃದಯದ ಚಿಕಿತ್ಸೆಯೇನೂ ನಿಲ್ಲಲಿಲ್ಲ. ಕಾರ್ಖಾನೆ ಸರಕಿನ ಬೆಲೆ ತಯಾರಿಕೆಯ ಖರ್ಚಿನ ಒಂದೂವರೆ ಪಟ್ಟು ಮೀರಬಾರದೆಂದು ಲೋಹಿಯಾ ಹೇಳಿದಾಗ ನಕ್ಕವರು ಇದ್ದರು. ಶೇಕಡಾ 654ನ್ನು ಕಂಡು ಅವರಿಗೆ ನಗು ಬರಲಿಲ್ಲವೇಕೆ? ಒಂದು ಮಾತನ್ನು ಮಾತ್ರ ಒಪ್ಪಬೇಕು. ಸ್ಟೆಂಟಿಗೆ ಬೆಲೆ ಕಟ್ಟಿದ ಕೂಡಲೇ ಬೇರೆ ಬಾಬುಗಳ ಹೆಸರಿನಲ್ಲಿ ಅದೇ ಹಣ ಎತ್ತುವುದನ್ನು ನಾವು ಕಂಡಿದ್ದೇವೆ. ಕೀಳುವ ಖರ್ಚಿನಲ್ಲಂತೂ ಸರಕಿಗಿಂತ ಶಸ್ತ್ರಶಾಲೆ, ಅರಿವಳಿಕೆ, ಐಸಿಯುಗಳದೇ ದೊಡ್ಡ ಪಾಲು. ಆದ್ದರಿಂದ ಶ್ವಾಸನಾಳದ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟುವುದರ ಜೊತೆಗೆ, ಅದನ್ನು ಕೀಳುವ ಕೆಲಸಕ್ಕೆ, ಆಮೇಲಿನ ತೊಡಕುಗಳೂ ಸೇರಿದಂತೆ, ಸರ್ಕಾರಿ ಯೋಜನೆ ಮತ್ತು ಇ.ಎಸ್.ಐ. ಪೂರ್ತಿ ಹೊಣೆ ಹೊರಬೇಕು. ರೇಖೆಯ ಮೇಲೆ, ಕೆಳಗೆ ಎಂಬ ಭೇದ ಇಲ್ಲಿ ಸಲ್ಲದು. ಕೀಳುವ ತಂಡ ತನ್ನಲ್ಲಿಲ್ಲದ ಆಸ್ಪತ್ರೆ, ಕ್ಯಾನ್ಸರ್ ಅಲ್ಲದ ರೋಗಿಗೆ ಲೋಹದ್ದನ್ನು ಇಡುವ ಗೊಡವೆಗೇ ಹೋಗಬಾರದು.

ಈ ತಂಡ ಸರ್ಕಾರದ ಕೈಯಲ್ಲೂ ಇರಬೇಕು. ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಇದೆ, ಕಿದ್ವಾಯಿ ಇದೆ. ಅಲ್ಲಿಗೆ ಉಕ್ಕಿನ ಬ್ರಾಂಕೋಸ್ಕೋಪು, ಸಿಲಿಕೋನ್ ಸ್ಟೆಂಟು, ಶ್ವಾಸನಾಳದ ಶಸ್ತ್ರವೈದ್ಯ, ಇವೆಲ್ಲ ಸದಾ ಸಿಗುವಂತೆ ಹಣ ಕೊಡಿ ಎಂಬುದು ಅತಿಯಾಸೆಯೇ? ವೈದ್ಯಕೀಯ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂದು 2023ರ ಸೆಪ್ಟೆಂಬರಿನಲ್ಲಿ ಬಂದ್ ನಡೆದ ಜಿಲ್ಲೆ ನಮ್ಮದು. 2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಿದರು. ಹಲಗೆ ಬರೆಯುವವನಿಗೆ ಕೆಲಸ ಸಿಕ್ಕಿತು. ಉಸಿರು ಕಟ್ಟಿದವನು ಬೆಂಗಳೂರಿಗೇ ಓಡಬೇಕು, ಅದೇನೂ ಬದಲಾಗಲಿಲ್ಲ.

2024ರಲ್ಲಿ ಈ ಕ್ಷೇತ್ರದಿಂದ ಲೋಕಸಭೆಗೆ ಹೋದವರು ಡಾ. ಸಿ. ಎನ್. ಮಂಜುನಾಥರು. ಅವರ ಪಕ್ಷಕ್ಕೂ ನಮಗೂ ಬಹು ದೂರ. ಆದರೆ ಜಯದೇವ ಹೃದ್ರೋಗ ಸಂಸ್ಥೆಯನ್ನು ನಡೆಸಿ, ‘ಮೊದಲು ಚಿಕಿತ್ಸೆ, ಆಮೇಲೆ ಹಣ’ ಎಂಬುದನ್ನು ಮಾಡಿ ತೋರಿಸಿದವರು ಅವರು. ಸ್ಟೆಂಟು ಎಷ್ಟಕ್ಕೆ ಬರುತ್ತದೆ, ಎಷ್ಟಕ್ಕೆ ಹೋಗುತ್ತದೆ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೃದಯಕ್ಕೊಂದು ನ್ಯಾಯ, ಶ್ವಾಸನಾಳಕ್ಕೊಂದು ನ್ಯಾಯ ಏಕೆಂದು ಲೋಕಸಭೆಯಲ್ಲಿ ಅವರು ಒಂದು ಪ್ರಶ್ನೆ ಹಾಕಲಿ. ಬಿಡದಿಯ ಕಾರ್ಮಿಕ ಸಂಘಗಳೂ ವರ್ತಕರ ಸಂಘವೂ ಕೂಡಿ ಅವರಿಗೊಂದು ಮನವಿ ಬರೆದುಕೊಡುವುದು ಒಂದು ಸಂಜೆಯ ಕೆಲಸ.

ಅಲ್ಲಿಯವರೆಗೆ, ಮನೆಯಲ್ಲಿ ಯಾರಿಗಾದರೂ ಸ್ಟೆಂಟು ಇಟ್ಟಿದ್ದರೆ ಈ ಒಂದು ಕೆಲಸ ಮಾಡಿ. ಸ್ಟೆಂಟಿನ ಡಬ್ಬಿಯ ಮೇಲೆ ಹೆಸರು, ಅಳತೆ, ಸಂಖ್ಯೆ ಇರುವ ಅಂಟುಚೀಟಿಯೊಂದಿರುತ್ತದೆ. ಅದನ್ನು ಬಿಡುಗಡೆ ಪತ್ರಕ್ಕೆ ಅಂಟಿಸಿಕೊಡಲು ಕೇಳಿ. ಹೊದಿಕೆ ಇದ್ದದ್ದೋ ಇಲ್ಲದ್ದೋ, ಇಟ್ಟ ತಾರೀಖು ಯಾವುದು, ಮತ್ತೆ ಯಾವಾಗ ಬ್ರಾಂಕೋಸ್ಕೋಪ್ ಬಿಟ್ಟು ನೋಡಬೇಕು, ಎಂದು ತೆಗೆಯಬೇಕು ಎಂಬುದನ್ನೂ ಬರೆಯಿಸಿಕೊಳ್ಳಿ. ಮುಂದೆ ಯಾವ ಊರಿನ ಯಾವ ವೈದ್ಯರು ಅದನ್ನು ಕೀಳಬೇಕಾಗಿ ಬಂದರೂ ಅವರು ಮೊದಲು ಕೇಳುವುದು ಆ ಚೀಟಿಯನ್ನೇ.